ಟೆರೇಸಿನ ಮೇಲಿನ ಗುಡ್ಲು

ದೊಡ್ಡನೆಕ್ಕುಂದಿಯಲ್ಲಿ ಹುಟ್ಟಿ ಬೆಳೆದ ನನ್ನನ್ನು ಹದಿನೇಳು ತುಂಬುವವರೆಗೆ ಯಾರೂ ‘ನೀನು ಯಾರು’ ಎಂದು ಕೇಳಿರಲಿಲ್ಲ. ‘ಯಾರ ಮನೆ ಹುಡ್ಗಿ?’ ಎಂದು ಕೇಳುತ್ತಿದ್ದರು. ಅಪ್ಪನ ಹೆಸರು ಹೇಳಿದರೆ ಮುಗಿಯಿತು. ತಾತ ಯಾರು, ಮುತ್ತಾತ ಯಾರು, ನಮ್ಮ ಹೊಲ ಈಗ ಯಾವ ಕಂಪನಿಯ ಯಾವ ಗೇಟಿನ ಕೆಳಗಿದೆ ಎಂಬುದನ್ನೆಲ್ಲ ಅವರೇ ಹೇಳಿಬಿಡುತ್ತಿದ್ದರು. ಹಾಗಾಗಿ, ಸರ್ಜಾಪುರದ ಕಡೆಯ ಒಂದು ಕಾಲೇಜಿನ ಅರ್ಜಿಯಲ್ಲಿ ‘ನಿಮ್ಮ ಅಂಕಪಟ್ಟಿ ಹೇಳಲಾರದ್ದನ್ನು ನೀವು ಹೇಳಿ, ನಿಮ್ಮ ಬಗ್ಗೆ ಒಂದು ಪ್ರಬಂಧ ಬರೆಯಿರಿ’ ಎಂಬ ಸಾಲು ಓದಿದಾಗ ನಾನು ನಿಜವಾಗಿಯೂ ಬೆಚ್ಚಿಬಿದ್ದೆ. ಪ್ರಬಂಧ ಎಂದರೆ ನನಗೆ ಗೊತ್ತಿದ್ದದ್ದು ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ಪರಿಸರ ಮಾಲಿನ್ಯಕ್ಕೆ ಪೀಠಿಕೆ ಹಾಕಬಹುದು. ನನಗೇ ನಾನು ಯಾವ ಪೀಠಿಕೆ ಹಾಕಲಿ?

ಆಗ ನಾನು ದ್ವಿತೀಯ ಪಿಯುಸಿ. ನಮ್ಮ ಕಟ್ಟಡದ ಕೆಳಗಿನ ಮನೆಯಲ್ಲಿ ಅಪ್ಪ, ಅಮ್ಮ, ನಾನು. ಮೇಲಿನ ಅಂತಸ್ತುಗಳಲ್ಲಿ ಬಾಡಿಗೆಯವರು, ಹೆಚ್ಚಿನವರು ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಅಪ್ಪನ ದಿನವೆಲ್ಲ ನೀರಿನ ಟ್ಯಾಂಕರ್ ಕರೆಸುವುದು, ಮೋಟರ್ ಹಾಕುವುದು, ಯಾರ ಬಕೆಟ್ ಮೊದಲು ಎಂಬ ಜಗಳ ಬಿಡಿಸುವುದು, ಇದರಲ್ಲೇ ಕಳೆಯುತ್ತಿತ್ತು. ನನಗೆ ಇತಿಹಾಸದ ಹುಚ್ಚು. ಅದನ್ನು ಚೆನ್ನಾಗಿ ಕಲಿಸುವ ಕಾಲೇಜು ಅದು ಎಂದು ನಮ್ಮ ಇಂಗ್ಲಿಷ್ ಮೇಡಂ ಹೇಳಿದ್ದರು. ಅದಕ್ಕಿಂತ ಮುಖ್ಯವಾಗಿ, ಅಲ್ಲಿ ಹಾಸ್ಟೆಲ್ ಇತ್ತು. ಮನೆ ಬಿಟ್ಟು ಹೊರಗೆ ಹೋಗಲೇಬೇಕು ಎಂಬ ಹಟ ನನ್ನೊಳಗೆ ಎಷ್ಟಿತ್ತೆಂದರೆ, ಹಾಸ್ಟೆಲಿನ ಚಿತ್ರವನ್ನು ಫೋನಿನಲ್ಲಿ ತೆಗೆದು ಆಗಾಗ ನೋಡುತ್ತಿದ್ದೆ. ಕಬ್ಬಿಣದ ಮಂಚ, ಬೀರು, ಒಂದು ಕಿಟಕಿ, ಅಷ್ಟೇ ಇದ್ದದ್ದು ಅದರಲ್ಲಿ.

ಮೊದಲು ಬರೆದದ್ದು ಬೆಳ್ಳಂದೂರು ಕೆರೆಯ ನೊರೆಯ ಬಗ್ಗೆ. ರಸ್ತೆಗೆ ಹಾರಿಬಂದ ನೊರೆ, ಅದನ್ನು ನೋಡಿ ನೊಂದ ನಾನು, ಮುಂದೆ ಸಮಾಜಕ್ಕೆ ಏನಾದರೂ ಮಾಡಬೇಕೆಂಬ ನನ್ನ ಪಣ. ಬರೆದು ಮುಗಿಸಿದಾಗ ನನಗೇ ಕಣ್ಣು ತುಂಬಿತ್ತು. ಮೇಡಂ ಅದನ್ನು ನಿಂತಲ್ಲೇ ಓದಿ ವಾಪಸ್ ಕೊಟ್ಟರು.

“ನಿಮ್ ಕ್ಲಾಸಲ್ಲಿ ಅಪ್ಲೈ ಮಾಡ್ತಿರೋರೆಲ್ಲ ಇದೇ ನೊರೆ ಬರ್ದಿದ್ದೀರ ಕಣೇ. ಆ ಕೆರೇಲಿ ಕೂಡ ಅಷ್ಟು ನೊರೆ ಇಲ್ಲ. ನಿನ್ನ ಹೆಸ್ರು ಕಿತ್ತು ಪಕ್ಕದೋಳ ಹೆಸ್ರು ಹಾಕಿದ್ರೂ ನಡೆಯುತ್ತೆ ಇದು. ಕೆರೆ ಇದೆ, ನೊರೆ ಇದೆ, ನೀನೆಲ್ಲಿ?”

ನನಗೆ ಅವಮಾನವಾಯಿತು. “ಹಾಗಾದ್ರೆ ಏನ್ ಬರೀಲಿ ಮೇಡಂ? ನನ್ ಲೈಫಲ್ಲಿ ಏನೂ ಆಗೇ ಇಲ್ಲ,” ಎಂದೆ.

“ದೊಡ್ಡದು ಬೇಡ. ಒಂದೇ ಒಂದು ದಿನ ತಗೋ. ಅವತ್ತು ನೀನು ಏನು ನೋಡ್ದೆ, ಮನೇಲಿ ಯಾರಿಗೂ ಹೇಳ್ದೆ ಏನು ಅಂದ್ಕೊಂಡೆ, ಅದನ್ನ ಬರಿ.”

ಮನೆಯಲ್ಲಿ ಯಾರಿಗೂ ಹೇಳದ್ದು. ಅಂಥದ್ದು ನನ್ನಲ್ಲಿ ಒಂದೇ ಒಂದು ಇತ್ತು. ಅದನ್ನು ಬರೆಯಲು ಸಾಧ್ಯವೇ ಇರಲಿಲ್ಲ, ಏಕೆಂದರೆ ನಮ್ಮವರಲ್ಲಿ ಇಂಗ್ಲಿಷ್ ಓದಿ ತಿದ್ದಬಲ್ಲವನು ಒಬ್ಬನೇ, ಮತ್ತು ಆ ವಿಷಯ ಅವನೇ.

ಅವನು ಅಮ್ಮನ ಒಬ್ಬನೇ ತಮ್ಮ, ನನ್ನ ಸೋದರಮಾವ. ಅಜ್ಜಿಯ ಜೊತೆ ಸರ್ಜಾಪುರದ ಹತ್ತಿರದ ಹಳ್ಳಿಯಲ್ಲಿದ್ದ. ವೈಟ್‌ಫೀಲ್ಡಿನ ಒಂದು ಕಂಪನಿಯಲ್ಲಿ ನೌಕರರನ್ನು ಕರೆತರುವ ಕ್ಯಾಬುಗಳನ್ನು ನೋಡಿಕೊಳ್ಳುವ ಕೆಲಸ. ದಿನವಿಡೀ ಇಂಗ್ಲಿಷಿನಲ್ಲಿ ಫೋನು, ಇಂಗ್ಲಿಷಿನಲ್ಲಿ ಇಮೇಲು. ನಾನು ಹುಟ್ಟಿದಾಗ ಅವನಿನ್ನೂ ಶಾಲೆಗೆ ಹೋಗುವ ಹುಡುಗ. ಆಸ್ಪತ್ರೆಯಲ್ಲಿ ನನ್ನನ್ನು ಅವನ ತೊಡೆಯ ಮೇಲಿಟ್ಟು ಅಜ್ಜಿ, “ತಗಳಪ್ಪ, ನಿನ್ ಎಂಡ್ತಿ,” ಎಂದಳಂತೆ. ಅವನು ಗಾಬರಿಯಾಗಿ ಎದ್ದುಬಿಟ್ಟನಂತೆ, ನಾನು ಬೀಳುವುದರಲ್ಲಿದ್ದೆನಂತೆ. ಈ ಕಥೆ ಹೇಳದ ಮದುವೆಯಿಲ್ಲ, ನಾಮಕರಣವಿಲ್ಲ, ಗೃಹಪ್ರವೇಶವಿಲ್ಲ. ಅಕ್ಕನ ಮಗಳನ್ನು ತಂದುಕೊಳ್ಳುವುದು ನಮ್ಮಲ್ಲಿ ಹೊಸದಲ್ಲ. ಅಜ್ಜಿಯೇ ತನ್ನ ಸೋದರಮಾವನ ಕೈಹಿಡಿದವಳು. ಹಾಗಾಗಿ ಇದು ಬರೀ ತಮಾಷೆಯೂ ಅಲ್ಲ, ಪೂರ್ತಿ ಮಾತುಕತೆಯೂ ಅಲ್ಲ. ಎಲ್ಲರೂ ನಗುತ್ತ ನಗುತ್ತ ಹೇಳುತ್ತಿದ್ದರು, ನಗುತ್ತಲೇ ನಂಬಿಕೊಂಡಿದ್ದರು.

ಅವನು ಮನೆಗೆ ಬಂದರೆ ಅಜ್ಜಿ ನನಗೆ ಹೇಳುತ್ತಿದ್ದದ್ದು, “ನಿನ್ ಗಂಡಂಗೆ ಕಾಪಿ ಕೊಡೇ.” ನಾನು ‘ಮಾಮ’ ಎಂದು ಕರೆದರೆ ಸಾಕು, ಕೂತವರೆಲ್ಲ ಒಂದೇ ಸಲ, “ಆಹಾ, ಮಾಮ ಅಂತೆ, ಮಾಮ!” ಎಂದು ಗೊಳ್ಳನೆ ನಗುತ್ತಿದ್ದರು. ಚಿಕ್ಕವಳಿದ್ದಾಗ ನಾನೂ ಜೊತೆಗೆ ನಕ್ಕಿದ್ದೇನೆ. ಸ್ವಲ್ಪ ತಿಳಿವಳಿಕೆ ಬಂದ ಮೇಲೆ ಕರೆಯುವುದನ್ನೇ ಬಿಟ್ಟೆ. “ಕಾಫಿ ಇಟ್ಟಿದೆ,” “ಅಮ್ಮ ಕರೀತಿದ್ದಾರೆ,” “ಊಟಕ್ಕೆ ಏಳ್ಬೇಕಂತೆ,” ಹೀಗೆ ಗೋಡೆಗೆ ಹೇಳಿದ ಹಾಗೆ ಹೇಳಿ ಒಳಗೆ ಓಡುತ್ತಿದ್ದೆ. ಹುಡುಗಿಗೆ ನಾಚಿಕೆ ಬಂತು ಎಂದು ಅದಕ್ಕೂ ನಕ್ಕರು. ಮೌನಂ ಸಮ್ಮತಿ ಲಕ್ಷಣಂ ಎಂದು ಮೊದಲು ಹೇಳಿದವನು ಯಾರೋ, ಸಿಕ್ಕಿದರೆ ನಾಲ್ಕು ಬಿಗಿಯುತ್ತಿದ್ದೆ.

ನೊರೆಯ ಪ್ರಬಂಧವನ್ನು ಅಮ್ಮ ನನ್ನ ಕೈಯಲ್ಲೇ ಅವನಿಗೆ ಕಳಿಸಿದ್ದಳು. ಅವನು ತಿದ್ದಿ ಕಳಿಸಿದ. ಮೇಲೆ ‘ವಿಷಯ: ಕಾಲೇಜು ಪ್ರವೇಶ ಕುರಿತು’, ಆಮೇಲೆ ‘ಮಾನ್ಯರೇ’, ನಂತರ ‘ತಮ್ಮ ಅಮೂಲ್ಯ ಗಮನಕ್ಕೆ ತರಬಯಸುವುದೇನೆಂದರೆ’. ಕೊನೆಗೆ, ಶೀಘ್ರ ಕ್ರಮ ಕೈಗೊಳ್ಳಬೇಕೆಂಬ ವಿನಂತಿ. ಎಲ್ಲ ಇಂಗ್ಲಿಷಿನಲ್ಲಿ. ಕೆಟ್ಟು ನಿಂತ ಕ್ಯಾಬಿನ ಬಗ್ಗೆ ಬರೆದ ಇಮೇಲಿನ ಹಾಗಿತ್ತು ನನ್ನ ಜೀವನ. ಓದಿ ನಗು ಬಂತು, ಆದರೆ ಯಾರ ಹತ್ತಿರವೂ ಹೇಳಿಕೊಂಡು ನಗುವ ಹಾಗಿರಲಿಲ್ಲ.

ಮನೆಯವರು ಈ ಕಾಲೇಜಿಗೆ ಒಪ್ಪುವುದಿಲ್ಲ ಎಂದು ನಾನು ಯುದ್ಧಕ್ಕೆ ತಯಾರಾಗಿದ್ದೆ. ಏನೇನು ವಾದ ಹೂಡಬೇಕು, ಯಾವಾಗ ಊಟ ಬಿಡಬೇಕು ಎಂದೆಲ್ಲ ಲೆಕ್ಕ ಹಾಕಿಟ್ಟಿದ್ದೆ. ಒಂದು ಸಂಜೆ ಅಜ್ಜಿ ಬಂದಿದ್ದಾಗ ಬಾಯಿಬಿಟ್ಟೆ. ಅಜ್ಜಿಯ ಮುಖ ಅರಳಿದ್ದನ್ನು ನೋಡಿ ನನಗೇ ನಂಬಿಕೆಯಾಗಲಿಲ್ಲ.

“ಆ ಕಾಲೇಜಾ? ಅದು ನಮ್ಮನೆಯಿಂದ ಎಲ್ಡೇ ಸ್ಟಾಪು ಕಣೇ ಮಗಾ! ಸೇರ್ಕೋ, ಸೇರ್ಕೋ. ಆಸ್ಟ್ಲು ಗೀಸ್ಟ್ಲು ಯಾಕೆ? ಅದ್ನೆಂಟು ತುಂಬ್ತಿದ್ದಂಗೆ ಮದ್ವೆ ಮಾಡಿಬಿಟ್ರೆ ನಮ್ಮನೇಲಿದ್ಕೊಂಡೇ ಓದ್ಬೋದು. ಬೆಳಿಗ್ಗೆ ಅವ್ನೇ ಗಾಡೀಲಿ ಬಿಟ್ಟು ಬತ್ತಾನೆ. ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದಂಗಾಯ್ತು!”

“ಓದೂ ನಿಲ್ಲಲ್ಲ, ಮನೆಯೋರೇ ಇರ್ತಾರೆ. ಇನ್ನೇನ್ ಬೇಕೇ ನಿಂಗೆ?” ಎಂದಳು ಅಮ್ಮ, ಸಂತೋಷದಿಂದ.

ಅಪ್ಪ ಎಂದಿನಂತೆ, “ನೋಡೋಣ,” ಎಂದರು. ಪೈಪು ಒಡೆದಿದೆ ಎಂದು ಬಾಡಿಗೆಯವರು ಹೇಳಿದರೂ ಅವರು ಹೇಳುವುದು ಅದನ್ನೇ.

ಹಾಸ್ಟೆಲಿನ ಕನಸಿನಲ್ಲಿ ಅಜ್ಜಿಯ ಊರು ಅಷ್ಟು ಹತ್ತಿರ ಎಂಬುದು ನನಗೆ ಹೊಳೆದೇ ಇರಲಿಲ್ಲ. ಯಾವ ಬಾಗಿಲಿನಿಂದ ಹೊರಗೆ ಓಡಬೇಕೆಂದು ಇಷ್ಟು ದಿನ ಕಾದಿದ್ದೆನೋ, ಅದು ನೆಟ್ಟಗೆ ಅಜ್ಜಿಯ ಅಡುಗೆಮನೆಗೇ ತೆರೆದುಕೊಳ್ಳುತ್ತಿತ್ತು. ಆಗ ಅಳಲಿಲ್ಲ. ಕೋಪ ಉಕ್ಕಿಬಂತು. ಮೇಲೆ ಟೆರೇಸಿಗೆ ಹೋಗಿ, ನೀರಿನ ಟ್ಯಾಂಕಿನ ನೆರಳಿನಲ್ಲಿ ಕೂತು, ಬರೆಯಲಾರೆ ಎಂದುಕೊಂಡಿದ್ದನ್ನು ಒಂದೇ ಉಸಿರಿಗೆ ಬರೆದೆ. ಬರೆದದ್ದು ಅದೇ ಟೆರೇಸಿನ ಮೇಲಿನ ಗುಡ್ಲಿನ ಬಗ್ಗೆ.

ಹುಡುಗಿ ದೊಡ್ಡವಳಾದರೆ ಸೋದರಮಾವ ಬಂದು ಹಸಿ ತೆಂಗಿನ ಗರಿಯಲ್ಲಿ ಗುಡ್ಲು ಹಾಕಬೇಕು. ಒಸಗೆಯ ಶಾಸ್ತ್ರ ಮುಗಿಯುವವರೆಗೆ ಹುಡುಗಿ ಅದರಲ್ಲಿ ಕೂರಬೇಕು. ನಮ್ಮ ಕಡೆ ಇದು ತಪ್ಪುವಂತಿಲ್ಲ. ಮೊದಲೆಲ್ಲ ಮನೆಯ ಮುಂದಿನ ಅಂಗಳದಲ್ಲಿ ಹಾಕುತ್ತಿದ್ದರಂತೆ. ನಮ್ಮ ಅಂಗಳದಲ್ಲಿ ಬಾಡಿಗೆಯವರ ಬೈಕುಗಳು ನಿಲ್ಲುತ್ತಿದ್ದುದರಿಂದ ನನ್ನ ಗುಡ್ಲು ಟೆರೇಸಿಗೆ ಹೋಯಿತು. ಗರಿಗಳನ್ನು ಅವನು ಊರಿನ ತೋಟದಿಂದ ಗೂಡ್ಸ್ ಆಟೋದಲ್ಲಿ ತಂದಿದ್ದ. ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು, ಹಸಿ ಗರಿಯ ತುದಿಗಳು ಬಿಸಿಲಿಗೆ ಬಾಡಿಯೇ ಬಂದವು. ಟ್ಯಾಂಕಿನ ಪಕ್ಕದಲ್ಲಿ, ಡಿಶ್ ಆಂಟೆನಾಗಳ ನಡುವೆ, ಅವನು ಒಬ್ಬನೇ ಗುಡ್ಲು ಕಟ್ಟಿದ. ಒಳಗೆ ಕೂತರೆ ಒಂದು ಸಂದಿಯಿಂದ ಟೆಕ್ ಪಾರ್ಕಿನ ಗಾಜು ಹೊಳೆಯುವುದು ಕಾಣುತ್ತಿತ್ತು. ಅಮ್ಮ ಎಳ್ಳಿನ ಚಿಗಳಿ, ಕೊಬ್ಬರಿ, ಮೆಂತ್ಯದ ಮುದ್ದೆ ತಿನ್ನಿಸಿ ತಿನ್ನಿಸಿ ಹೊಟ್ಟೆ ಬಿರಿಯುವಂತೆ ಮಾಡಿದ್ದಳು. ಬಾಡಿಗೆ ಮನೆಯ ಯಾದಗಿರಿ ಹೆಂಗಸರು ಬಂದು ನಮಗೆ ಗೊತ್ತಿಲ್ಲದ ತಮ್ಮ ಹಾಡು ಹಾಡಿದರು.

ಎಲ್ಲರೂ ಅವನನ್ನು ಗುಡ್ಲಿನ ಬಾಗಿಲಿಗೆ ದೂಡಿ, “ಒಳಗೆ ನೋಡೋ, ನಿನ್ ಎಂಡ್ತಿ ಎಂಗವ್ಳೆ ನೋಡೋ,” ಎಂದು ನಗುತ್ತಿದ್ದರು. ನಾನು ಗರಿಯ ಸಂದಿಯಿಂದ ಅವನ ಮುಖ ನೋಡಿದೆ. ಅವನು ನನ್ನ ಕಡೆ ಕಣ್ಣೆತ್ತಲಿಲ್ಲ. ಹಗ್ಗದ ಗಂಟು ಬಿಗಿಯುವವನ ಹಾಗೆ ತಲೆ ತಗ್ಗಿಸಿ, ಬಿಗಿದ ಗಂಟನ್ನೇ ಮತ್ತೆ ಮತ್ತೆ ಬಿಗಿಯುತ್ತಿದ್ದ. ಕೊನೆಯ ದಿನ ಗುಡ್ಲು ಕೀಳಲು ಅಪ್ಪ ಕೈಹಾಕಿದಾಗ ಅಜ್ಜಿ ತಡೆದಳು. “ಮುಟ್ಬ್ಯಾಡ್ರೀ. ಗುಡ್ಲು ಆಕ್ದೋನೇ ಕೀಳ್ಬೇಕು.” ಅವನು ಮತ್ತೆ ಬಂದ, ಕಿತ್ತ, ಆಗಲೂ ನೋಡಲಿಲ್ಲ.

ಇದನ್ನೇ ಬರೆದು ಮೇಡಂಗೆ ಕೊಟ್ಟೆ. ಅವರು ಈ ಸಲ ಕೂತು ಓದಿದರು. ಮುಗಿಸಿ ಮತ್ತೆ ಮೊದಲ ಪುಟಕ್ಕೆ ಹೋದರು. ನನಗೆ ಭಯವಾಯಿತು, ಮನೆಗೆ ಫೋನ್ ಮಾಡುತ್ತಾರೇನೋ ಎಂದು.

“ಇದ್ರಲ್ಲಿ ನೀನಿದ್ದೀಯ,” ಎಂದರು. “ಆದ್ರೆ ಕೊನೆ ಪ್ಯಾರಾ ಇಲ್ಲ. ಅವರು ಯಾಕೆ ನೋಡ್ಲಿಲ್ಲ?”

“ಗೊತ್ತಿಲ್ಲ ಮೇಡಂ. ನಾಚಿಕೆ ಇರ್ಬೇಕು. ಮದುಮಗ ಅಲ್ವಾ.”

“ಇರ್ಬೇಕು ಅಂತ ಬರೀಬೇಡ. ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅಂತಾನೇ ಬರಿ. ಇಲ್ಲ, ಕೇಳ್ಕೊಂಡು ಬಾ.”

ಕೇಳಿಕೊಂಡು ಬಾ! ಅವನನ್ನು ಮಾಮ ಎಂದೂ ಕರೆಯಲಾರದವಳು, ಬಾಯಿಬಿಟ್ಟು ಕೇಳುವುದೇ? ಮನೆಗೆ ಬಂದವಳು ಯೋಚನೆ ಮಾಡಿದರೆ ಧೈರ್ಯ ಹೋಗುತ್ತದೆಂದು ಯೋಚಿಸದೆ ಪ್ರಬಂಧವನ್ನು ಅವನ ವಾಟ್ಸಾಪಿಗೆ ಕಳಿಸಿಬಿಟ್ಟೆ. ಅಳಿಸಿಬಿಡೋಣ ಎನ್ನುವಷ್ಟರಲ್ಲಿ ನೀಲಿ ಗೆರೆ ಬಂತು. ಓದಿದ್ದ. ಉತ್ತರ ಬರಲಿಲ್ಲ. ಮರುದಿನವೂ ಬರಲಿಲ್ಲ. ಅಜ್ಜಿಗೆ ಹೇಳಿರುತ್ತಾನೆ, ಅಜ್ಜಿ ಅಮ್ಮನಿಗೆ ಹೇಳಿರುತ್ತಾಳೆ, ಇನ್ನೇನು ಅರ್ಜಿಯೂ ಹೋಯಿತು ಕಾಲೇಜೂ ಹೋಯಿತು ಎಂದು ನಾನು ಅಮ್ಮನ ಮುಖವನ್ನೇ ನೋಡುತ್ತಿದ್ದೆ. ಆದರೆ ಅಮ್ಮ ಎಂದಿನಂತೆಯೇ ಇದ್ದಳು. ಅದು ಇನ್ನೂ ಹೆಚ್ಚು ಹೆದರಿಸಿತು.

ಭಾನುವಾರ ಅವನೂ ಅಜ್ಜಿಯೂ ಊಟಕ್ಕೆ ಬಂದರು. ಮುದ್ದೆ, ನಾಟಿ ಕೋಳಿ ಸಾರು. ಎಲ್ಲರ ತಟ್ಟೆಗೂ ಮುದ್ದೆ ಇಡುತ್ತಿದ್ದ ಅಮ್ಮನಿಗೆ ನೆನಪಾಯಿತು. “ಲೋ, ಅವಳದ್ದು ಅದೇನೋ ಬರ್ದು ಕಳಿಸ್ಬೇಕಂತಲ್ಲ, ಕನ್ನಡದಲ್ಲಿ ಓದಿ ಹೇಳೋ. ನಾವೂ ಕೇಳೋಣ.”

ನಮ್ಮಲ್ಲಿ ಲಗ್ನಪತ್ರಿಕೆ ಅಚ್ಚಿಗೆ ಹೋಗುವ ಮೊದಲು ಮನೆಮಂದಿಯೆಲ್ಲ ಕೂತು ಅದರ ಪ್ರೂಫನ್ನು ಜೋರಾಗಿ ಓದಿಸಿಕೊಳ್ಳುವ ಪದ್ಧತಿ. ಯಾರದಾದರೂ ಹೆಸರು ಬಿಟ್ಟುಹೋದರೆ ತಲೆತಲಾಂತರದ ಹಗೆ. ಮನೆಯಿಂದ ಹೊರಗೆ ಹೋಗುವ ಕಾಗದವೆಂದರೆ ನಮ್ಮವರಿಗೆ ಅದೊಂದೇ ಗೊತ್ತು. ಹಾಗಾಗಿ ಅಜ್ಜಿ ಗೋಡೆಗೆ ಒರಗಿ, ಕಾಲು ಚಾಚಿ, “ಎಲ್ರ ಎಸ್ರೂ ಬಂದದಾ ನೋಡು. ನಿಂದೂ ಆಕವ್ಳಾ?” ಎಂದು ಮಗನನ್ನು ಕೇಳಿದಳು.

“ಹಾಕಿದ್ದಾಳಮ್ಮ,” ಎಂದ ಅವನು.

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ನೊರೆ ಓದುತ್ತಾನೆ, ನೊರೆಯನ್ನೇ ಓದುತ್ತಾನೆ ಎಂದುಕೊಂಡೆ. ಅವನು ಫೋನು ತೆಗೆದ, ಗಂಟಲು ಸರಿಮಾಡಿಕೊಂಡ, ಒಂದೊಂದೇ ಸಾಲನ್ನು ಇಂಗ್ಲಿಷಿನಲ್ಲಿ ನೋಡಿ ಕನ್ನಡದಲ್ಲಿ ಹೇಳತೊಡಗಿದ.

“ನಾನು ದೊಡ್ಡವಳಾದಾಗ ನಮ್ಮ ಮನೆಯ ಟೆರೇಸಿನ ಮೇಲೆ ನನಗೊಂದು ಮನೆ ಕಟ್ಟಿದರು.”

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ.

“ಅಯ್, ನಮ್ ಗುಡ್ಲು ಇಸ್ಯ ಬರ್ದವ್ಳೆ!” ಎಂದು ಅಜ್ಜಿ ಹಿಗ್ಗಿದಳು. “ಓದು, ಓದು.”

ಅವನು ಓದಿದ. ಗರಿ, ಗೂಡ್ಸ್ ಆಟೋ, ಯಾದಗಿರಿಯವರ ಹಾಡು. ಎಲ್ಲರೂ ತಲೆದೂಗುತ್ತಿದ್ದರು. ಆಮೇಲೆ, “ಗುಡ್ಲು ಕಟ್ಟಿದವನನ್ನೇ ನಾನು ಮದುವೆಯಾಗಬೇಕೆಂದು ಎಲ್ಲರೂ ನಗುತ್ತಿದ್ದರು. ನಾನು ಒಳಗೆ ಉಸಿರು ಬಿಗಿಹಿಡಿದು ಕೂತಿದ್ದೆ. ನನ್ನನ್ನು ಯಾರೂ ಕೇಳಿರಲಿಲ್ಲ,” ಎಂದ.

ಅಮ್ಮ ಕೈಯಲ್ಲಿದ್ದ ಸೌಟನ್ನು ಹಾಗೇ ಹಿಡಿದುಕೊಂಡು ನಿಂತುಬಿಟ್ಟಳು.

“ಅವನು ತಂದ ಪ್ರತಿಯೊಂದು ವಸ್ತುವಿನ ಜೊತೆಗೂ ಆ ನಗು ಬರುತ್ತಿತ್ತು. ಸೈಕಲ್ ತಂದುಕೊಟ್ಟಾಗ ನಾನು ಸೈಕಲ್ ಹೊಡೆಯುವುದನ್ನೇ ಬಿಟ್ಟೆ. ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಅತ್ತು ಹೇಳುವುದು ಸುಲಭವಾಗುತ್ತಿತ್ತು.”

“ಸಾಕು ನಿಲ್ಸೋ,” ಎಂದಳು ಅಮ್ಮ.

ಅವನು ನಿಲ್ಲಿಸಲಿಲ್ಲ. “ಒಂದು ಕಾಲದಲ್ಲಿ ನನಗೊಬ್ಬ ಮಾಮ ಇದ್ದ. ಎಲ್ಲರೂ ಸೇರಿ ಅವನನ್ನು ನನ್ನಿಂದ ಕಿತ್ತುಕೊಂಡರು,” ಎಂದು ಓದಿದವನ ದನಿ ಅಲ್ಲಿಗೆ ನಿಂತುಹೋಯಿತು. ಫೋನನ್ನು ಮಗುಚಿ ನೆಲದ ಮೇಲಿಟ್ಟ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಡಿದ್ದಾಗಿತ್ತು.

ಮೊದಲು ಮಾತಾಡಿದವಳು ಅಮ್ಮ. “ನಗ್ತಾ ನಗ್ತಾ ಹೇಳಿದ್ದು ಕಣೇ ಅದೆಲ್ಲ. ನಿಂಗೆ ಇಷ್ಟ ಅಂತ್ಲೇ ಅಂದ್ಕೊಂಡಿದ್ವಿ. ಒಂದ್ ಮಾತು ಹೇಳ್ಬಾರ್ದಾ? ಪಾಪ, ಅವ್ನು ನಿನಗೋಸ್ಕರ ಬಂದ ಸಂಬಂಧನೆಲ್ಲ ಬಿಟ್ಟು ಕೂತಿದ್ದಾನೆ.”

“ನನಗೆ ಹೇಳಿದ್ದು ಬೇರೆ,” ಎಂದ ಅವನು, ಅಜ್ಜಿಯ ಕಡೆ ತಿರುಗಿ. “ಮಗು ನಿನ್ನ ಮೇಲೆ ಜೀವ ಇಟ್ಕೊಂಡಿದೆ, ನೀನು ಬೇರೆ ಕಡೆ ಮಾಡ್ಕೊಂಡ್ರೆ ಎದೆ ಒಡ್ಕೊಳುತ್ತೆ ಅಂತ ನೀನು ಹೇಳ್ತಿದ್ದೆ ಅಲ್ವಾ ಅಮ್ಮ? ಅವಳು ನನ್ನ ನೋಡಿ ಒಳಗೆ ಓಡೋದನ್ನ ನೋಡಿ ನಾನೂ ನಂಬಿದ್ದೆ. ಮಗುಗೆ ನೋವಾಗ್ಬಾರ್ದು ಅಂತ ಬಾಯಿ ಮುಚ್ಕೊಂಡಿದ್ದೆ.”

ಅದನ್ನು ಕೇಳಿ ನನಗೆ ನಗು ಬಂತು. ನಿಜವಾಗಿ ನಕ್ಕೆ, ಜೋರಾಗಿ, ಆಮೇಲೆ ಅದು ಅಳುವಾಯಿತು. ಇಷ್ಟು ವರ್ಷ ನಾನು ಹೆದರಿ ಓಡಿದ್ದನ್ನು ಅವನು ಪ್ರೀತಿ ಎಂದುಕೊಂಡಿದ್ದ; ಅವನು ಕರುಣೆಯಿಂದ ಸುಮ್ಮನಿದ್ದದ್ದನ್ನು ನಾನು ಒಪ್ಪಿಗೆ ಎಂದುಕೊಂಡಿದ್ದೆ. ನಮ್ಮಿಬ್ಬರ ನಡುವೆ ಇಷ್ಟೊಂದು ಜನ ನಿಂತು ನಗುತ್ತಿದ್ದರಲ್ಲ, ಒಬ್ಬರ ಮುಖ ಒಬ್ಬರಿಗೆ ಕಂಡರೆ ತಾನೆ?

“ಅಂಗಾರೆ ನಿನ್ ಮನ್ಸಲ್ಲಿ ಬ್ಯಾರೆ ಯಾರಾದ್ರೂ ಅವ್ರೇನೋ?” ಅಜ್ಜಿಯ ದನಿ ಕೀರಲಾಗಿತ್ತು.

“ಯಾರೂ ಇಲ್ಲಮ್ಮ. ಯಾರನ್ನಾದ್ರೂ ಕಣ್ಣೆತ್ತಿ ನೋಡೋಕೆ ನನಗೆ ಹಕ್ಕೆಲ್ಲಿತ್ತು?”

ಅವನು ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ಅದಕ್ಕೇ ಇರಬೇಕು, ಅಜ್ಜಿಗೆ ಏಟು ಬಿದ್ದಂತಾಯಿತು. ಆದರೆ ಸುಲಭಕ್ಕೆ ಸೋಲುವವಳಲ್ಲ ಅವಳು. “ಆದದ್ದಾಯ್ತು. ಅದ್ನ ಆ ಕಾಲೇಜ್ನೋರ್ಗೆ ಕಳ್ಸಿ ನಮ್ ಮಾನ ಅರಾಜು ಆಕ್ಬೇಕಾ? ಬ್ಯಾರೆ ಏನಾದ್ರೂ ಬರ್ದು ಕಳ್ಸು. ಕೆರೆ ಇಸ್ಯ ಬರ್ದಿದ್ದೆ ಅಂತಲ್ಲ, ಅದ್ನೇ ಕಳ್ಸು.”

“ಗುಡ್ಲು ಹಾಕಿದ್ದು ನಾನು ತಾನೆ?” ಎಂದ ಅವನು. “ಹಾಕ್ದೋನೇ ಕೀಳ್ಬೇಕು ಅಂತ ಹೇಳ್ಕೊಟ್ಟಿದ್ದೂ ನೀನೇ ತಾನೆ? ಅವತ್ತು ಗರಿ ಮಾತ್ರ ಕಿತ್ತಿದ್ದೆ. ಮಿಕ್ಕಿದ್ದು ಇವತ್ತು ಕಿತ್ತಿದೀನಿ. ಅವಳು ಅದನ್ನೇ ಕಳಿಸ್ಲಿ.”

ಎಲ್ಲರೂ ಅಪ್ಪನ ಕಡೆ ನೋಡಿದರು. ಅವರು ನೋಡೋಣ ಎನ್ನುತ್ತಾರೆ ಎಂದು ನಾನು ಕಣ್ಣುಮುಚ್ಚಿಕೊಂಡೆ.

“ಕಳ್ಸು ಮಗಳೇ,” ಎಂದರು ಅಪ್ಪ.

ಅಜ್ಜಿ ಎದ್ದಳು. ಮುದ್ದೆ ಇಟ್ಟ ತಟ್ಟೆಯನ್ನು ಮುಟ್ಟದೆ ಹೊರಟಳು. ಬಡಿಸಿದ ಮುದ್ದೆ ಬಿಟ್ಟು ಏಳುವುದು ನಮ್ಮಲ್ಲಿ ಸಣ್ಣ ಮಾತಲ್ಲ. ಅಮ್ಮ ಹಿಂದೆ ಓಡಿದಳು. ಹಜಾರದಲ್ಲಿ ಅವನೂ ನಾನೂ ಉಳಿದೆವು. ಅಪ್ಪ ಮೋಟರ್ ಆಫ್ ಮಾಡುವ ನೆಪದಲ್ಲಿ ಎದ್ದುಹೋದರು.

ನಾನು ಗೋಡೆಯನ್ನಲ್ಲ, ಅವನನ್ನೇ ಕೇಳಿದೆ. “ಅವತ್ತು ಯಾಕೆ ನೋಡ್ಲಿಲ್ಲ?”

ಅವನು ಮಗುಚಿಟ್ಟಿದ್ದ ಫೋನನ್ನು ಎತ್ತಿಕೊಂಡ. “ನೋಡಿದ್ರೆ ಒಪ್ಕೊಂಡಂಗಾಗುತ್ತೆ ಅಂತ ಹೆದರಿಕೆ ಆಗಿತ್ತು. ನೀನು ಇಷ್ಟುದ್ದ ಇದ್ದಾಗ ನನ್ನ ಹೆಗಲ ಮೇಲೆ ಕೂತು ಕೂದ್ಲು ಹಿಡ್ಕೊಂಡು ಕಿರುಚ್ತಿದ್ದೆ. ಒಳಗೆ ಕೂತಿರೋದು ಆ ಮಗು ಅಲ್ವಾ ಅಂತ ಅನ್ಸಿ ಅಳು ಬಂದ್ಬಿಟ್ಟಿತ್ತು. ಗಂಡ್ಸು ಅಳ್ತಿದ್ದಾನೆ ಅಂತ ಅದಕ್ಕೂ ನಗ್ತಾರಲ್ಲ, ಅದಕ್ಕೇ ತಲೆ ಎತ್ತಲಿಲ್ಲ.”

ನಾನು ಅಂದು ಗರಿಯ ಸಂದಿಯಿಂದ ಅಷ್ಟು ಹತ್ತಿರದಲ್ಲಿ ನೋಡಿಯೂ ಕಾಣದೆ ಹೋದದ್ದು ಅದು. ಮೇಡಂ ಕೇಳಿದ್ದ ಕೊನೆಯ ಪ್ಯಾರಾ ಅದು. ಅದೇ ಸಂಜೆ ಬರೆದೆ, ಯಾರಿಂದಲೂ ತಿದ್ದಿಸದೆ ಕಳಿಸಿದೆ. ಅವನೇ ಪಕ್ಕದಲ್ಲಿ ಕೂತು ಫೈಲು ಹತ್ತಿಸಲು ಸಹಾಯ ಮಾಡಿದ. ‘ಮಾನ್ಯರೇ’ ಸೇರಿಸೋಣವೇ ಎಂದು ಒಮ್ಮೆ ಕೇಳಿದ, ನನ್ನ ಮುಖ ನೋಡಿ ಸುಮ್ಮನಾದ.

ಸಂದರ್ಶನದಲ್ಲಿ ಅವರು ಪ್ರಬಂಧದ ಬಗ್ಗೆ ಏನು ಕೇಳುತ್ತಾರೋ ಎಂದು ಹೆದರುತ್ತ ಹೋಗಿದ್ದೆ. ಕೆರೆ, ಹೊಲ, ಇತಿಹಾಸ ಎಂದು ಏನೇನೋ ಕೇಳಿದರು, ಗುಡ್ಲಿನ ಮಾತೆತ್ತಲಿಲ್ಲ. ಎದ್ದು ಬರುವಾಗ, ಅಷ್ಟು ಹೊತ್ತು ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದ ಒಬ್ಬ ಹಿರಿಯ ಮೇಡಂ ಕನ್ನಡದಲ್ಲಿ ಮೆಲ್ಲಗೆ, “ನಿಮ್ಮ ಮಾಮ ಚೆನ್ನಾಗಿದ್ದಾರೇನಮ್ಮ?” ಎಂದರು. ಅಪರಿಚಿತರ ಬಾಯಲ್ಲಿ ಆ ಪದ ಕೇಳಿ ನಾನು ಬಾಗಿಲಲ್ಲೇ ಅತ್ತುಬಿಟ್ಟೆ. ಸೀಟು ಹೋಯಿತು ಎಂದುಕೊಂಡು ಮನೆಗೆ ಬಂದೆ. ಹೋಗಿರಲಿಲ್ಲ. ಹಾಸ್ಟೆಲೂ ಸಿಕ್ಕಿತು.

ಅಜ್ಜಿ ಮಾತ್ರ ನನ್ನ ಜೊತೆ ಮಾತು ಬಿಟ್ಟಳು. ಅಮ್ಮ ಫೋನು ಕೊಟ್ಟರೆ, “ಕೆಲ್ಸ ಅದೆ,” ಎಂದು ಇಟ್ಟುಬಿಡುತ್ತಿದ್ದಳು. ಅವರೆಕಾಯಿ ಕಾಲ ಬಂತು. ಒಂದು ಶನಿವಾರ ಕ್ಲಾಸು ಮುಗಿಸಿ, ದೊಡ್ಡನೆಕ್ಕುಂದಿಯ ಕಡೆ ಹೋಗುವ ಬಸ್ಸು ಬಿಟ್ಟು, ಎದುರು ದಿಕ್ಕಿನ ಬಸ್ಸು ಹತ್ತಿದೆ. ಅಜ್ಜಿ ಹೇಳಿದ್ದು ಸರಿ, ಎರಡೇ ಸ್ಟಾಪು. ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದವಳು ತಲೆಯೆತ್ತಿ ನೋಡಿದಳು, ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಸ್ವಲ್ಪ ಸರಿದು ಜಾಗ ಮಾಡಿದಳು. ನಾನು ಕೂತು ಕಾಯಿಗೆ ಕೈಹಾಕಿದೆ. ಸೊಗಡು ಕೈಗೆ ಹತ್ತಿತು. ಇಬ್ಬರೂ ಸುಲಿಯುತ್ತ ಕೂತೆವು.

ಹೊರಗೆ ಬೈಕಿನ ಸದ್ದಾಯಿತು. ಶಿಫ್ಟು ಮುಗಿಸಿ ಅವನು ಬಂದಿದ್ದ, ಹೆಲ್ಮೆಟ್ ತೆಗೆಯುತ್ತಿದ್ದ. ಎಷ್ಟು ವರ್ಷದಿಂದ ಗಂಟಲಲ್ಲೇ ನಿಂತಿತ್ತೋ, ಯೋಚಿಸುವ ಮೊದಲೇ ಹೊರಬಿತ್ತು.

“ಮಾಮ, ಬೇಗ ಬಾ. ಇಲ್ಲಿ ಇನ್ನೂ ರಾಶಿ ಇದೆ.”

ಕರೆದ ಮೇಲೆ ಹೆದರಿಕೆಯಾಗಿ ಅಜ್ಜಿಯ ಮುಖ ನೋಡಿದೆ. ಹಳೆಯ ನಗು ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾದೆ. ಅಜ್ಜಿ ನಗಲಿಲ್ಲ. ತನ್ನ ಮುಂದಿದ್ದ ಕಾಯಿಯ ಗುಡ್ಡೆಯಲ್ಲಿ ಅರ್ಧ ಬಾಚಿ ಪಕ್ಕಕ್ಕೆ ತಳ್ಳಿ, ನನ್ನ ಕಡೆ ನೋಡದೆ ಹೇಳಿದಳು:

“ಇದು ನಿಮ್ ಮಾಮಂಗೆ ಇರ್ಲಿ.”